ಕೋಶದ ಅಳವು, ಕಾಲದ ಅರಿವು

ಕನ್ನಡ ನಾಡಿನ ಹೋಬಳಿಯ ಕಚೇರಿಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಒಂದು ಹೊಸ ವಾಕ್ಯವು ರೂಢಿಗೆ ಬಂದಿದೆ. ‘ಸರ್ವರ್ ಇಲ್ಲ’ ಎಂಬುದೇ ಆ ವಾಕ್ಯ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವೇನೂ ಇಲ್ಲ. ಕರ್ತೃಪದವುಂಟು, ನಿಷೇಧಾರ್ಥದ ಕ್ರಿಯಾಪದವುಂಟು. ಅರ್ಥವನ್ನು ವಿಚಾರಿಸಹೊರಟಾಗ ಮಾತ್ರ ತುಸು ವಿಚಿತ್ರವೆನಿಸುತ್ತದೆ. ಹಿಂದೆ ‘ಸಾಹೇಬರು ಇಲ್ಲ’, ‘ತಲಾಠಿಗಳು ಇಲ್ಲ’ ಎನ್ನುತ್ತಿದ್ದ ಧಾಟಿಯಲ್ಲಿಯೇ ಇಂದು ಯಂತ್ರವೊಂದರ ಗೈರುಹಾಜರಿಯನ್ನು ಸಾರಲಾಗುತ್ತಿದೆ. ಕೇಳುವವರೂ ಅದೇ ಭಾವದಿಂದ ‘ಯಾವಾಗ ಬರುತ್ತದೆ?’ ಎಂದು ಪ್ರಶ್ನಿಸುತ್ತಾರೆ. ಸರ್ವರ್ ಎಂಬುದು ಸವಾರಿಯ ಮೇಲೆ ಹೋದ ಅಧಿಕಾರಿಯೋ, ಊಟಕ್ಕೆದ್ದ ಗುಮಾಸ್ತನೋ ಎಂಬಂತೆ ಕಟ್ಟೆಯ ಮೇಲೆ ಕುಳಿತು ಅದರ ಹಾದಿ ಕಾಯುತ್ತಾರೆ. ಒಮ್ಮೊಮ್ಮೆ ನಡುವಣ ತಂತಿ ಕಡಿದಿರುವುದುಂಟು. ಆದರೆ ಅನೇಕ ವೇಳೆ ಸರ್ವರ್ ಎಲ್ಲಿಗೂ ಹೋಗಿರುವುದಿಲ್ಲ. ಇರುವಲ್ಲಿಯೇ ಇದ್ದು, ತನ್ನ ಅಳವಿಗೆ ಮೀರಿದ ಕೆಲಸದ ಕೆಳಗೆ ಸಿಕ್ಕಿಕೊಂಡು, ಹೊಸದಾಗಿ ಬಂದವರ ಕೂಗಿಗೆ ಓಗೊಡಲಾರದೆ ನಿಂತಿರುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲೂಕಿನ ಸಾಂಬ್ರಾಣಿಯಲ್ಲಿ ಈ ವಾಕ್ಯವು ಹೆಚ್ಚಾಗಿ ಕಿವಿಗೆ ಬೀಳುವುದು ಜ್ಯೇಷ್ಠ ಮಾಸದಲ್ಲಿ. ಧೂಪದ ಹೆಸರನ್ನೇ ಹೊತ್ತ ಈ ಊರಿನ ಸುತ್ತಮುತ್ತ ಭತ್ತದ ಗದ್ದೆಗಳಿವೆ, ಕಬ್ಬಿನ ಹೊಲಗಳಿವೆ, ಅವುಗಳಾಚೆ ಕಾಡಿದೆ. ಕಾಡಂಚಿನ ವಾಡಿಗಳಲ್ಲಿ ಸಿದ್ದಿಗಳು, ಗೌಳಿಗರು ನೆಲೆಸಿದ್ದಾರೆ. ಮೊದಲ ಮಳೆ ಬಿದ್ದು ಬಿತ್ತನೆಯ ತರಾತುರಿ ಇರುವಾಗಲೇ ಶಾಲೆಗಳು ತೆರೆಯುತ್ತವೆ. ಶಾಲೆಗಳು ತೆರೆಯುತ್ತಲೇ ಜಾತಿಯ ಪ್ರಮಾಣಪತ್ರ, ಆದಾಯದ ಪ್ರಮಾಣಪತ್ರ, ಪಹಣಿಯ ಪ್ರತಿ ಎಂದು ಕಾಗದಗಳ ಅಗತ್ಯವೂ ತೆರೆದುಕೊಳ್ಳುತ್ತದೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಬಹುಕಾಲದ ಬೇಡಿಕೆಯೊಂದು ಅಂದು ಫಲಿಸಿತೆಂಬುದು ನಿಜ. ಆದರೆ ಆ ಫಲವು ಒಂದು ಮಗುವಿನ ಕೈಗೆ ಮುಟ್ಟುವುದು ಒಂದು ಹಾಳೆಯ ಮೂಲಕವೇ; ಆ ಹಾಳೆ ಹೊರಬೀಳುವುದು ಒಂದು ಯಂತ್ರದ ಮೂಲಕವೇ. ಒಂದು ದಿನದ ಕೂಲಿಯನ್ನು ಬಿಟ್ಟು, ಮಗಳನ್ನು ಕರೆದುಕೊಂಡು, ಮಳೆಯಲ್ಲಿ ನಡೆದು ಬಂದ ತಾಯಿಗೆ ‘ಸರ್ವರ್ ಇಲ್ಲ, ನಾಳೆ ಬಾ’ ಎಂದರೆ ಅವಳು ಇನ್ನೊಂದು ದಿನದ ಕೂಲಿಯನ್ನು ಬಿಡಬೇಕು. ವಿದ್ಯಾರ್ಥಿವೇತನದ ಕೊನೆಯ ದಿನ ಮಾತ್ರ ಅವಳಿಗಾಗಿ ಕಾಯುವುದಿಲ್ಲ.

ಈ ದೇಶದಲ್ಲಿ ದಾಖಲೆಗಳನ್ನು ಯಂತ್ರಕ್ಕೇರಿಸುವ ಕೆಲಸದಲ್ಲಿ ಕರ್ನಾಟಕವು ಹಿಂದೆ ಬಿದ್ದುದಲ್ಲ. ‘ಭೂಮಿ’ ಎಂಬ ಅನ್ವರ್ಥನಾಮದ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು 2002ರ ವೇಳೆಗೆ ಗಣಕಯಂತ್ರದ ಒಳಹೊಕ್ಕವು. ಅಂದಿನ 177 ತಾಲೂಕುಗಳಲ್ಲಿಯೂ ಒಂದೊಂದು ಕಿಟಕಿ ತೆರೆಯಿತು. 15 ರೂಪಾಯಿ ಕೊಟ್ಟವನಿಗೆ ಪಹಣಿಯ ಪ್ರತಿ ದೊರೆಯತೊಡಗಿತು. ಆಗ ಒಂದು ವಿಶೇಷವಿತ್ತು. ಆಯಾ ತಾಲೂಕಿನ ದಾಖಲೆ ಆಯಾ ತಾಲೂಕು ಕಚೇರಿಯ ಯಂತ್ರದಲ್ಲಿಯೇ ಇರುತ್ತಿತ್ತು. ಹಳಿಯಾಳದ ಯಂತ್ರ ಕೆಟ್ಟರೆ ಹಳಿಯಾಳದವರಿಗೆ ತೊಂದರೆ. ಯಲ್ಲಾಪುರದವನು ತನ್ನ ಪಹಣಿಯನ್ನು ನಿಶ್ಚಿಂತೆಯಿಂದ ಒಯ್ಯುತ್ತಿದ್ದ. ಮುಂದೆ ದಾಖಲೆಗಳೆಲ್ಲ ಒಂದೆಡೆ ಕೂಡಿದವು. ಅದರಿಂದ ಲಾಭವಾದುದು ಹೌದು: ಎಲ್ಲಿಯದೇ ಪಹಣಿಯನ್ನು ಎಲ್ಲಿಯೇ ಕುಳಿತು ತೆಗೆಯಬಹುದಾಯಿತು. ಆದರೆ ಊರೂರಿನ ಜನಸಂದಣಿಯೆಲ್ಲ ಒಂದೇ ಹೊಸ್ತಿಲಿಗೆ ಬಂದು ನಿಂತಿತು. ಸಂದಣಿ ಹೆಚ್ಚಿದಂತೆ ಹೊಸ್ತಿಲನ್ನು ಎಷ್ಟು ಅಗಲ ಮಾಡಬೇಕು, ಮುಖ್ಯವಾಗಿ ಯಾವಾಗ ಮಾಡಬೇಕು ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ಡೇಟಾಬೇಸ್ ಎಂಬ ಶಬ್ದವನ್ನು ದತ್ತಾಂಶಕೋಶವೆಂದು ಕನ್ನಡಿಸಿದವರು ಯೋಗ್ಯ ಕೆಲಸವನ್ನೇ ಮಾಡಿದ್ದಾರೆ. ಕೋಶವೆಂಬ ಪದಕ್ಕೆ ಭಂಡಾರ, ನಿಘಂಟು, ಕತ್ತಿಯ ಒರೆ, ಹೂವಿನ ಮೊಗ್ಗು ಎಂಬ ನಾನಾರ್ಥಗಳುಂಟು. ಭಂಡಾರದಂತೆ ಕೂಡಿಡುವುದು, ನಿಘಂಟಿನಂತೆ ಕೇಳಿದ್ದನ್ನು ಹುಡುಕಿಕೊಡುವುದು, ಒರೆಯಂತೆ ಒಳಗಿರುವುದನ್ನು ಕಾಯುವುದು ಇವೆಲ್ಲ ಅದರ ಕೆಲಸವೇ. ಮೊಗ್ಗು ಎಂಬ ಅರ್ಥವನ್ನು ಹಿಂದಿನವರು ಈ ಸಂದರ್ಭಕ್ಕೆಂದು ಇರಿಸಿದ್ದಲ್ಲವಾದರೂ ಅದೂ ಒಪ್ಪುತ್ತದೆ; ಇಂದಿನ ಕೋಶವು ಬೇಕಾದಾಗ ಬಿರಿಯಬಲ್ಲುದು, ಬೇಡವಾದಾಗ ಮುಚ್ಚಿಕೊಳ್ಳಬಲ್ಲುದು. ಅದು ಸಾಧ್ಯವಾದುದು ‘ಕ್ಲೌಡ್’ ಎಂಬ ಏರ್ಪಾಡಿನಿಂದ. ಯಂತ್ರವನ್ನು ಕೊಂಡು ತಂದು ಮನೆಯಲ್ಲಿ ಇರಿಸಿಕೊಳ್ಳುವ ಬದಲು, ಎಲ್ಲಿಯೋ ಇರುವ ದೊಡ್ಡ ಯಂತ್ರಾಗಾರದಲ್ಲಿ ತನಗೆ ಬೇಕಾದಷ್ಟು ಪಾಲನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವುದೇ ಇದರ ತಿರುಳು. ಅಮೆಜಾನ್ ಸಂಸ್ಥೆಯು ಇಂಥ ಯಂತ್ರಾಗಾರಗಳ ಸಮೂಹವನ್ನು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತೆರೆಯಿತು. ಭಾರತ ಸರಕಾರವು ತನ್ನ ಕಚೇರಿಗಳಿಗಾಗಿ ‘ಮೇಘರಾಜ’ ಎಂಬ ಹೆಸರಿನಲ್ಲಿ ರಾಷ್ಟ್ರೀಯ ಮೇಘವನ್ನು 2014ರಲ್ಲಿ ಆರಂಭಿಸಿತು. ಕಾಳಿದಾಸನ ಯಕ್ಷನಿಗೆ ದೂತನಾಗಿದ್ದ ಮೇಘವು ಇಂದು ಉಗ್ರಾಣಿಕನ ಉದ್ಯೋಗಕ್ಕೆ ನಿಂತಿದೆ.

ಸಾಂಬ್ರಾಣಿಯ ಜನರಿಗೆ ಅಳವಿನ ವಿಷಯವನ್ನು ತಿಳಿಯಪಡಿಸಲು ಬೇರೆ ದೃಷ್ಟಾಂತವೇ ಬೇಡ. ನೆರೆಯ ಜೋಯಿಡಾ ತಾಲೂಕಿನ ಗಣೇಶಗುಡಿಯ ಬಳಿ ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಹಳೆಯ ಸೂಪಾ ಪಟ್ಟಣವು ಅದರ ನೀರಿನ ಅಡಿಗಾಯಿತು. ತಾಲೂಕಿನ ಕೇಂದ್ರಸ್ಥಾನವು ಜೋಯಿಡಾಕ್ಕೆ ಸರಿಯಿತು. ಅಂಥ ಜಲಾಶಯದ ಗಾತ್ರವನ್ನು ನಿರ್ಧರಿಸುವವರಿಗೆ ಒಂದೇ ಅವಕಾಶ. ಒಂದು ಬಾರಿ ಕಟ್ಟಿದ ಮೇಲೆ ಈ ವರ್ಷ ಮಳೆ ಕಡಿಮೆಯೆಂದು ಗೋಡೆಯನ್ನು ತಗ್ಗಿಸಲಾಗದು, ಮುಂದಿನ ವರ್ಷ ಹೆಚ್ಚೆಂದು ಎತ್ತರಿಸಲಾಗದು. ಆದುದರಿಂದ ಅವರು ಬಹಳ ವರ್ಷಗಳ ಮಳೆಯ ಲೆಕ್ಕ ಹಾಕಿ ಬಹುದೊಡ್ಡದನ್ನೇ ಕಟ್ಟಿದರು. ಅದು ತುಂಬುವ ವರ್ಷಗಳು ಅಪರೂಪ. ಯಂತ್ರಗಳನ್ನು ಕೊಂಡು ತರುತ್ತಿದ್ದ ಕಾಲದಲ್ಲಿ ಗಣಕದ ಕೆಲಸವೂ ಹೀಗೆಯೇ ನಡೆಯುತ್ತಿತ್ತು. ಬೇಡಿಕೆಪತ್ರ, ಟೆಂಡರು, ಮಂಜೂರಾತಿ, ಸಾಗಾಣಿಕೆ ಎಂದು ತಿಂಗಳುಗಳೇ ಉರುಳುತ್ತಿದ್ದವು. ಆದಕಾರಣ ಬೇಕಾದುದಕ್ಕಿಂತ ದೊಡ್ಡದನ್ನು ತಂದು, ವರ್ಷದ ಬಹುಭಾಗ ಅದನ್ನು ಅರೆಹೊಟ್ಟೆಯಲ್ಲಿ ಓಡಿಸುತ್ತಿದ್ದರು. ಮೇಘದಲ್ಲಿ ಈ ಕಟ್ಟು ಸಡಿಲವಾಯಿತು. ಒಂದು ಆಜ್ಞೆಯಿಂದ ಅಳವು ಇಮ್ಮಡಿಯಾಗುತ್ತದೆ, ಇನ್ನೊಂದರಿಂದ ಅರ್ಧವಾಗುತ್ತದೆ. ಸುಲಭವಾಯಿತೆಂದು ಹಿಗ್ಗುವ ಮೊದಲೇ ಒಂದು ಹೊಸ ಭಾರ ಹೆಗಲೇರಿತು. ಹತ್ತು ವರ್ಷಕ್ಕೊಮ್ಮೆ ಮಾಡುತ್ತಿದ್ದ ನಿರ್ಧಾರವನ್ನು ಈಗ ದಿನದಿನವೂ ಮಾಡಬೇಕಾಯಿತು.

ಸಾಂಬ್ರಾಣಿಯ ಕಡೆಯ ಒಂದು ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಮಠದ ಶಾಲೆಯ ಪ್ರಸಾದ ನಿಲಯದಲ್ಲಿದ್ದು ಓದಿ, ಹುಬ್ಬಳ್ಳಿಯಲ್ಲಿ ತಾಂತ್ರಿಕ ಪದವಿಯನ್ನು ಪಡೆದು ಬೆಂಗಳೂರು ಸೇರಿದ ತರುಣನೊಬ್ಬನ ಪಾಲಿಗೆ ಇಂಥ ಭಾರವೇ ಉದ್ಯೋಗವಾಗಿ ಬಂದಿತು. ಬಡ ವಿದ್ಯಾರ್ಥಿಗಳಿಗೆ ವೇತನ ನೀಡುವ ಒಂದು ಧರ್ಮಸಂಸ್ಥೆಯ ಅರ್ಜಿಗಳನ್ನು ಸ್ವೀಕರಿಸುವ ಕೋಶವನ್ನು ಅವನು ಕೆಲಸ ಮಾಡುವ ಕಂಪನಿಯು ನೋಡಿಕೊಳ್ಳುತ್ತಿತ್ತು. ಕೋಶವಿದ್ದುದು ಬಾಡಿಗೆಯ ಮೇಘದಲ್ಲಿ. ಬಾಡಿಗೆ ಸಲ್ಲುತ್ತಿದ್ದುದು ದಾನಿಗಳ ಹಣದಿಂದ. ಅವನ ಮೇಜಿನ ಮೇಲಿನ ತೆರೆಯಲ್ಲಿ ಹಗಲಿರುಳೂ ಕೆಲವು ಗೆರೆಗಳು ಏರಿಳಿಯುತ್ತಿದ್ದವು. ಯಂತ್ರದ ಮಿದುಳು ನೂರಕ್ಕೆ ಎಷ್ಟು ಪಾಲು ದುಡಿಯುತ್ತಿದೆ ಎಂಬುದಕ್ಕೆ ಒಂದು ಗೆರೆ, ಏಕಕಾಲಕ್ಕೆ ಎಷ್ಟು ಸಂಪರ್ಕಗಳು ತೆರೆದಿವೆ ಎಂಬುದಕ್ಕೆ ಒಂದು, ಒಂದು ಪ್ರಶ್ನೆಗೆ ಉತ್ತರ ದೊರೆಯಲು ಎಷ್ಟು ಹೊತ್ತು ಹಿಡಿಯುತ್ತಿದೆ ಎಂಬುದಕ್ಕೆ ಇನ್ನೊಂದು, ಉಗ್ರಾಣದಲ್ಲಿ ಉಳಿದ ಜಾಗಕ್ಕೆ ಮತ್ತೊಂದು.

ಅರ್ಜಿಗಳು ಆರಂಭವಾದ ಎರಡನೆಯ ವಾರದಲ್ಲಿ ಮೊದಲಿನ ಗೆರೆ ಸಂಜೆಯ ಹೊತ್ತು ನೂರಕ್ಕೆ ಅರವತ್ತನ್ನು ಮುಟ್ಟಿತು. ಅಳವನ್ನು ಹೆಚ್ಚಿಸುವ ಮಾತನ್ನು ಅವನು ಹಿರಿಯರ ಮುಂದಿಟ್ಟನು. ‘ಇನ್ನೂ ನಲವತ್ತು ಪಾಲು ಬರಿದಾಗಿರುವಾಗ ಹೆಚ್ಚಿಸುವುದೇಕೆ? ಖಾಲಿ ನಿಂತ ಯಂತ್ರಕ್ಕೂ ಗಂಟೆಗಿಷ್ಟು ಬಾಡಿಗೆಯಿದೆಯಲ್ಲ’ ಎಂದು ಅವರು ಕೇಳಿದರು. ದಾನಿಗಳ ಹಣದ ಬಗ್ಗೆ ಎಚ್ಚರವಿದ್ದ ಮನುಷ್ಯರ ಪ್ರಶ್ನೆ ಅದು; ತಳ್ಳಿಹಾಕುವಂಥದಲ್ಲ. ಆದರೆ ಅದಕ್ಕೊಂದು ಹಳೆಯ ಉತ್ತರವಿದೆ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞನು ದೂರವಾಣಿಯ ಕರೆಗಳು ಬರುವ ರೀತಿಯನ್ನು ಕುರಿತು 1909ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಸರತಿಯ ಸಾಲಿನ ಶಾಸ್ತ್ರವು ಮೊಳೆತದ್ದು ಅಲ್ಲಿಂದ.

ಆ ಶಾಸ್ತ್ರದ ಸಾರವನ್ನು ಕಚೇರಿಯ ಕಿಟಕಿಯಿಂದಲೇ ವಿವರಿಸಬಹುದು. ಗುಮಾಸ್ತನೊಬ್ಬನು ಒಂದು ಅರ್ಜಿಗೆ ಸರಾಸರಿ ಒಂದು ನಿಮಿಷ ತೆಗೆದುಕೊಳ್ಳುತ್ತಾನೆ. ಒಂದಕ್ಕೆ ತುಸು ಹೆಚ್ಚು, ಇನ್ನೊಂದಕ್ಕೆ ತುಸು ಕಡಿಮೆ. ಜನರು ಗಡಿಯಾರ ನೋಡಿಕೊಂಡು ಒಬ್ಬೊಬ್ಬರಾಗಿ ಬರುವುದಿಲ್ಲ. ಒಮ್ಮೆ ಯಾರೂ ಇರುವುದಿಲ್ಲ, ಒಮ್ಮೆ ಬಸ್ಸಿಳಿದವರೆಲ್ಲ ಕೂಡಿಯೇ ಬರುತ್ತಾರೆ. ಹೀಗಿರುವಲ್ಲಿ ಅವನ ವೇಳೆಯಲ್ಲಿ ಅರ್ಧಪಾಲು ಮಾತ್ರ ತುಂಬಿದ್ದರೆ, ಬಂದವನು ಕಾದು, ಕೆಲಸ ಮುಗಿಸಿ ಹೊರಬೀಳಲು ಸರಾಸರಿ 2 ನಿಮಿಷ ಸಾಕು. ನೂರಕ್ಕೆ 80 ತುಂಬಿದರೆ 5 ನಿಮಿಷ ಬೇಕು. 90 ತುಂಬಿದರೆ 10. 95 ತುಂಬಿದರೆ 20. ಎಂದರೆ, ಕೊನೆಯ ಐದು ಪಾಲು ದುಡಿಸಿಕೊಂಡ ಜಾಣತನಕ್ಕಾಗಿ ಸಾಲಿನಲ್ಲಿ ನಿಂತವರೆಲ್ಲರ ಕಾಯುವಿಕೆ ಇಮ್ಮಡಿಸುತ್ತದೆ. ಗುಮಾಸ್ತ ಅದೇ, ಅವನ ವೇಗವೂ ಅದೇ. ಬರಿದಾಗಿ ಕಾಣುವ ಆ ಪಾಲು ವ್ಯರ್ಥವಾದುದಲ್ಲ. ಕೂಡಿ ಬಂದವರಿಗೆ ನಿಲ್ಲಲು ಬಿಟ್ಟ ಅಂಗಳ. ಈ ಕಾರಣದಿಂದಲೇ ಅಮೆಜಾನಿನ ಡೈನಮೋಡಿಬಿ ಎಂಬ ಕೋಶವನ್ನು ತಾನಾಗಿ ಹಿಗ್ಗಿಸುವ ಏರ್ಪಾಡಿನಲ್ಲಿ, ಬಳಸುವವರು ಬೇರೆ ಹೇಳದಿದ್ದರೆ, ನೂರಕ್ಕೆ 70ನ್ನು ಗುರಿಯಾಗಿರಿಸುತ್ತಾರೆ. ಗೂಗಲ್ ಸಂಸ್ಥೆಯು ತನ್ನ ಸ್ಪ್ಯಾನರ್ ಕೋಶಕ್ಕೆ, ಅದು ಒಂದೇ ಪ್ರದೇಶದಲ್ಲಿ ನೆಲೆಸಿದ್ದರೆ ಮುಖ್ಯ ಕೆಲಸಗಳ ಹೊರೆ 65ನ್ನು ಮೀರದಿರಲಿ ಎಂದೂ, ಹಲವು ಪ್ರದೇಶಗಳಲ್ಲಿ ಹರಡಿದ್ದರೆ 45ನ್ನು ಮೀರದಿರಲಿ ಎಂದೂ ಸಲಹೆ ನೀಡುತ್ತದೆ. ಒಂದು ನೆಲೆ ಬಿದ್ದರೆ ಅದರ ಹೊರೆಯನ್ನು ಉಳಿದವು ಹೊರಬೇಕಲ್ಲವೆ?

ತರುಣನು ಈ ಲೆಕ್ಕವನ್ನು ಹೇಳಿದನು, ಹಿರಿಯರು ಒಪ್ಪಿದರು. ಆದರೆ ಒಂದು ಮಾತು ಕೇಳಿದರು: ‘ಅರವತ್ತಕ್ಕೆ ಏರಿಸಿದ್ದು ಯಾರು? ಜನರೋ, ನಾವೋ?’

ಅದನ್ನು ಹುಡುಕುತ್ತ ಅವನು ಎರಡು ದಿನ ಕಳೆದನು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಅರ್ಜಿಯ ಸ್ಥಿತಿಯನ್ನು ನೋಡಲು ಬಂದಾಗಲೆಲ್ಲ ಯಂತ್ರವು ಆ ಒಂದು ಸಂಖ್ಯೆಗಾಗಿ ಇದ್ದಬದ್ದ ಅರ್ಜಿಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ತಿರುವಿಹಾಕುತ್ತಿರುವುದು ಗೊತ್ತಾಯಿತು. ಆ ಸಂಖ್ಯೆಗೆ ಸೂಚಿಯೇ ಇರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಒಂದು ಶಬ್ದವನ್ನು ಹುಡುಕಲು ಕ್ಷಣಮಾತ್ರ ಸಾಕು, ಅದು ಅಕಾರಾದಿಯಲ್ಲಿದೆ. ಅದೇ ನಿಘಂಟಿನ ಹಾಳೆಗಳನ್ನು ಬಿಚ್ಚಿ ಕಲಸಿ ಕೈಗೆ ಕೊಟ್ಟರೆ ಎಂಥ ಪಂಡಿತನೂ ಒಂದು ಪದಕ್ಕಾಗಿ ಇಡೀ ದಿನ ಕೂರಬೇಕಾಗುತ್ತದೆ. ಆಗ ‘ಇನ್ನಿಬ್ಬರು ಪಂಡಿತರನ್ನು ನೇಮಿಸಿರಿ’ ಎನ್ನುವುದು ಪರಿಹಾರವೆ? (ಅಮರಕೋಶವು ಅಕಾರಾದಿಯಲ್ಲಿಲ್ಲವೆಂದು ಬಲ್ಲವರು ಆಕ್ಷೇಪಿಸಬಹುದು. ಅದನ್ನು ಬಾಯಿಪಾಠ ಮಾಡಿದವರ ಮಾತೇ ಬೇರೆ; ಅವರ ನಾಲಗೆಯೇ ಸೂಚಿ. ಯಂತ್ರದಲ್ಲಿಯೂ ಪದೇ ಪದೇ ಬೇಕಾದುದನ್ನು ಹೀಗೆ ನಾಲಗೆಯ ತುದಿಯಲ್ಲಿರಿಸಿಕೊಳ್ಳುವ ಸ್ಮೃತಿಯುಂಟು.) ಸೂಚಿಯನ್ನು ಕಟ್ಟಿದ ಸಂಜೆ ಗೆರೆಯು ಅರ್ಧಕ್ಕಿಳಿಯಿತು. ಒಂದು ಕಾಸಿನ ಹೆಚ್ಚಿನ ಬಾಡಿಗೆಯೂ ಇಲ್ಲದೆ ಅಳವು ಇಮ್ಮಡಿಯಾದಂತಾಯಿತು. ಬರಿಯ ಗೆರೆಯನ್ನು ನೋಡಿ ಯಂತ್ರವನ್ನು ಹಿಗ್ಗಿಸಿದ್ದರೆ ಆ ದೋಷವು ದೊಡ್ಡ ಯಂತ್ರದ ಹೊಟ್ಟೆಯಲ್ಲಿ ಸುಖವಾಗಿ ಅಡಗಿ ಕುಳಿತಿರುತ್ತಿತ್ತು.

ಸಂಪರ್ಕಗಳ ಗೆರೆಯ ಕಥೆಯೂ ಇದಕ್ಕೆ ಸಮೀಪದ್ದೇ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ಕೋಶದಲ್ಲಿ ಒಂದೊಂದು ಸಂಪರ್ಕಕ್ಕೂ ಒಂದೊಂದು ಪ್ರತ್ಯೇಕ ಆಳು ನಿಂತಂತೆ. ಬೇರೆ ಏನೂ ಹೇಳದಿದ್ದರೆ ನೂರಕ್ಕೆ ಮಿತಿ. ಬಂದವರಿಗೆಲ್ಲ ಒಬ್ಬೊಬ್ಬ ಆಳನ್ನು ಕೊಟ್ಟು ಮಾತು ಮುಗಿದ ಮೇಲೂ ನಿಲ್ಲಿಸಿಕೊಂಡಿದ್ದರೆ ಆಳುಗಳು ತೀರುತ್ತಾರೆ, ಕೆಲಸ ಮಾತ್ರ ಆಗಿರುವುದಿಲ್ಲ. ಕೆಲವೇ ಆಳುಗಳನ್ನು ಸರತಿಯ ಮೇಲೆ ಹಂಚುವ ಒಂದು ಮಧ್ಯವರ್ತಿಯನ್ನು ನಿಲ್ಲಿಸಿದ್ದರಿಂದ ಆ ಗೆರೆಯೂ ತಗ್ಗಿತು.

ಈ ಅವಧಿಯಲ್ಲಿಯೇ ಒಂದು ದಿನ ಸಾಂಬ್ರಾಣಿಯಿಂದ ಅವನ ಕಾಕನ ಕರೆ ಬಂದಿತು. ಕಾಕನಿಗೆ ಊರಿನಲ್ಲಿ ಒಂದು ಸಣ್ಣ ಕಂಪ್ಯೂಟರ್ ಅಂಗಡಿ. ಅರ್ಜಿ ತುಂಬಿಕೊಡುವುದು, ಫೋಟೊ ಅಂಟಿಸುವುದು, ಝೆರಾಕ್ಸ್ ತೆಗೆಯುವುದು ಅವನ ಕಸಬು.

‘ತಮ್ಮಾ, ನಿಮ್ಮ ಸರ್ವರ್ ಮತ್ತ ಕುಂತೈತಿ ನೋಡಪಾ. ಮುಂಜಾನಿಯಿಂದ ಮಂದಿ ಕಾಯಾಕ ಹತ್ಯಾರ.’

‘ಕಾಕಾ, ಅದು ನಮ್ಮದಲ್ರಿ. ಪ್ರಮಾಣಪತ್ರದ್ದು ಸರಕಾರದ್ದು. ನಮ್ಮದು ನೆಟ್ಟಗ ನಡದೈತಿ.’

‘ಯಾರದರ ಇರಲಿ ಬಿಡು. ಕುಂತ ಮಂದಿ ನಮ್ಮವರs ಅಲ್ಲೇನು?’

ಆ ಮಾತಿಗೆ ತರುಣನಲ್ಲಿ ಉತ್ತರವಿರಲಿಲ್ಲ. ತನ್ನ ತೆರೆಯ ಮೇಲಿನ ಗೆರೆಗಳು ಶಾಂತವಾಗಿರುವುದಕ್ಕೆ ತನ್ನ ಸೂಚಿಯೊಂದೇ ಕಾರಣವಲ್ಲ, ಅರ್ಜಿದಾರರು ಬೇರೊಂದು ಹೊಸ್ತಿಲಲ್ಲಿ ಸಿಕ್ಕಿಬಿದ್ದಿರುವುದೂ ಕಾರಣವಾಗಿರಬಹುದು ಎಂಬ ಸಂದೇಹವು ಅಂದು ಅವನಲ್ಲಿ ಹುಟ್ಟಿತು. ಕೋಶದಲ್ಲಿ ನೋಡಿದನು. ಅರ್ಧ ತುಂಬಿ ನಿಂತ ಅರ್ಜಿಗಳು ರಾಶಿ ಬಿದ್ದಿದ್ದವು. ಹೆಸರು, ಊರು, ಅಂಕಗಳು ಎಲ್ಲವೂ ಇವೆ. ಪ್ರಮಾಣಪತ್ರ ಸೇರಿಸಬೇಕಾದ ಜಾಗ ಮಾತ್ರ ಬರಿದು. ಕಾಣುವ ಸಾಲಿಗಿಂತ ಕಾಣದ ಸಾಲು ಉದ್ದವಾಗಿತ್ತು.

ಇಂಥ ಸಂದರ್ಭಗಳಲ್ಲಿ ಅಳವನ್ನು ಹಿಗ್ಗಿಸುವುದೊಂದೇ ದಾರಿಯಲ್ಲವೆಂಬುದನ್ನು ಈಚಿನ ವರ್ಷಗಳು ತೋರಿಸಿಕೊಟ್ಟಿವೆ. 2023ರ ಜುಲೈ 19ರಂದು ಕರ್ನಾಟಕದಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗ, ಮನೆಯೊಡತಿಯರೆಲ್ಲರೂ ಒಮ್ಮೆಲೇ ಬಂದು ನೆರೆಯದಂತೆ, ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕೆಂಬುದನ್ನು ಮೊದಲಿಗೆ ಸಂದೇಶದ ಮೂಲಕ ತಿಳಿಸುವ ಏರ್ಪಾಡನ್ನು ಮಾಡಿದ್ದರು. ಮನೆಯನ್ನು ದೊಡ್ಡದು ಮಾಡುವ ಬದಲು ಪಂಕ್ತಿಗಳನ್ನು ಬೇರೆ ಬೇರೆ ಹೊತ್ತಿಗೆ ಕೂರಿಸಿದಂತೆ. ರೈಲಿನ ತತ್ಕಾಲ್ ಟಿಕೆಟ್ಟುಗಳನ್ನು ಹವಾನಿಯಂತ್ರಿತ ದರ್ಜೆಗೆ 10 ಗಂಟೆಗೂ ಉಳಿದ ದರ್ಜೆಗಳಿಗೆ 11 ಗಂಟೆಗೂ ತೆರೆಯುವುದರಿಂದಲೂ ಸಂದಣಿಯು ಎರಡಾಗಿ ಸೀಳುತ್ತದೆ. ಇದಕ್ಕೆ ವಿರುದ್ಧವಾದ ನಿದರ್ಶನ ಕೋವಿನ್ ವ್ಯವಸ್ಥೆಯದು. 18 ವರ್ಷ ಮೀರಿದವರೆಲ್ಲರಿಗೂ ಲಸಿಕೆಯ ನೋಂದಣಿಯನ್ನು 2021ರ ಏಪ್ರಿಲ್ 28ರ ಸಂಜೆ 4 ಗಂಟೆಗೆ ತೆರೆದಾಗ ಇಡೀ ದೇಶದ ಯುವಜನತೆ ಒಂದೇ ಬಾಗಿಲನ್ನು ತಟ್ಟಿತು. ಆರಂಭದಲ್ಲಿ ತಡವರಿಸಿದರೂ ಅಂದು ಒಂದೇ ದಿನ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಜನರ ಹೆಸರುಗಳು ದಾಖಲಾದವು. ಕಾಯುವವರ ಪ್ರಾಣವೇ ಪಣವಾಗಿದ್ದಾಗ ಪಂಕ್ತಿಭೇದ ಮಾಡುವಂತಿರಲಿಲ್ಲ, ಹಿಗ್ಗಲೇಬೇಕಿತ್ತು.

ಸಾಲಿನಲ್ಲಿ ನಿಂತವರು ನಿಜವಾದ ಜನರೇ ಎಂಬುದನ್ನೂ ವಿಚಾರಿಸಬೇಕಾಗುತ್ತದೆ. ಆಸ್ತಿ ನೋಂದಣಿಯ ‘ಕಾವೇರಿ 2.0’ ವ್ಯವಸ್ಥೆಯು 2024ರ ಡಿಸೆಂಬರ್ ಮತ್ತು 2025ರ ಜನವರಿ ತಿಂಗಳುಗಳಲ್ಲಿ ತೊಡಕಿಗೆ ಸಿಕ್ಕಿ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ಸ್ಥಗಿತವಾಯಿತು. ಪರಿಶೀಲಿಸಿದಾಗ ಅದು ಕೃತಕವಾಗಿ ಸೃಷ್ಟಿಸಿದ ಬೇಡಿಕೆಗಳ ದಾಳಿಯೆಂದು ತಿಳಿದು, ಪೊಲೀಸರಿಗೆ ದೂರು ಕೊಡಬೇಕಾಯಿತು. ಅಂಥ ಹೊತ್ತಿನಲ್ಲಿ ಅಳವನ್ನು ಹೆಚ್ಚಿಸುತ್ತ ಹೋಗುವುದೆಂದರೆ ಹೊಲಕ್ಕೆ ನುಗ್ಗಿದ ಕಾಡುಹಂದಿಗಳಿಗೆ ಇನ್ನಷ್ಟು ಬಿತ್ತಿ ಉಣಿಸಿದಂತೆ.

ತರುಣನು ತಾನು ಕಂಡ ಅರೆಬರೆ ಅರ್ಜಿಗಳ ವಿಷಯವನ್ನು ಬರೆದು ಹಿರಿಯರಿಗೆ ಕೊಟ್ಟನು. ಎರಡು ಸಂಗತಿಗಳು ಅದರಲ್ಲಿದ್ದವು. ಪ್ರಮಾಣಪತ್ರಗಳ ತಡೆ ತೆರವಾದ ದಿನವೇ ಈ ಅರ್ಜಿಗಳೆಲ್ಲ ಕಟ್ಟೆಯೊಡೆದಂತೆ ಬರುವುವು, ಆ ಮೂರು ದಿನಗಳಿಗೆ ಯಂತ್ರವನ್ನು ಮೊದಲೇ ಇಮ್ಮಡಿ ಮಾಡಿರಬೇಕು ಎಂಬುದು ಒಂದು. ಪ್ರಮಾಣಪತ್ರ ಕೈಗೆ ಬಾರದವರಿಂದ ಅದಕ್ಕಾಗಿ ಅರ್ಜಿ ಕೊಟ್ಟ ಸ್ವೀಕೃತಿಯ ಸಂಖ್ಯೆಯನ್ನು ಪಡೆದು ಅರ್ಜಿಯನ್ನು ಸ್ವೀಕರಿಸಬಹುದೆ, ಕೊನೆಯ ದಿನವನ್ನು ತುಸು ಮುಂದೆ ಹಾಕಬಹುದೆ ಎಂಬುದು ಇನ್ನೊಂದು. ಎರಡನೆಯದು ಅವನ ಅಧಿಕಾರಕ್ಕೆ ಸೇರಿದ್ದಲ್ಲ. ಯಂತ್ರದವನು ಯಂತ್ರದ ಮಾತನ್ನಷ್ಟೇ ಆಡಬೇಕೆಂದು ಕಚೇರಿಯಲ್ಲಿ ಒಬ್ಬಿಬ್ಬರು ಗೊಣಗಿದರು. ಹಿರಿಯರು ಮಾತ್ರ ಮೊದಲಿನದಕ್ಕೆ ಲೆಕ್ಕವನ್ನು ಕೇಳಿದರು, ಎರಡನೆಯದನ್ನು ಹಾಗೆಯೇ ಧರ್ಮಸಂಸ್ಥೆಗೆ ಕಳಿಸಿದರು.

ಲೆಕ್ಕವು ಸರಳವಾಗಿತ್ತು. ವರ್ಷವಿಡೀ ಇಮ್ಮಡಿ ಯಂತ್ರವನ್ನು ಇರಿಸಿಕೊಂಡರೆ ಯಂತ್ರದ ಬಾಡಿಗೆಯೂ ಇಮ್ಮಡಿ. 365ರಲ್ಲಿ 3 ದಿನ ಮಾತ್ರ ಇಮ್ಮಡಿ ಮಾಡಿದರೆ ವರ್ಷದ ಬಾಡಿಗೆಯಲ್ಲಾಗುವ ಏರಿಕೆ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ‘ಹಾಗಾದರೆ ಸಂದಣಿ ಬಂದ ಮೇಲೆಯೇ ಏರಿಸಬಹುದಲ್ಲ, ಮೊದಲೇ ಏಕೆ?’ ಎಂಬ ಪ್ರಶ್ನೆ ಸಹಜವಾಗಿ ಬಂದಿತು. ಜಾತ್ರೆಯ ಅಡುಗೆಯ ಮನೆಯನ್ನು ಕಂಡವರಿಗೆ ಇದಕ್ಕೆ ಉತ್ತರ ತಿಳಿದಿರುತ್ತದೆ. ಕೊಪ್ಪರಿಗೆಯಲ್ಲಿ ಅನ್ನ ತೀರಿದ ಮೇಲೆ ಅಕ್ಕಿಯನ್ನು ತೊಳೆಯುವ ಬಾಣಸಿಗನು ಬಾಣಸಿಗನಲ್ಲ. ಅವನು ಕೊಪ್ಪರಿಗೆಯ ತಳವನ್ನು ನೋಡುವುದಕ್ಕಿಂತ ಹೊರಗಿನ ಸಾಲನ್ನು ನೋಡುತ್ತಾನೆ. ಅಕ್ಕಿ ಬೇಯಲು ಎಷ್ಟು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತಿನಲ್ಲಿ ಎಷ್ಟು ಎಲೆಗಳು ಬೀಳುತ್ತವೆ ಎಂದು ಮನಸ್ಸಿನಲ್ಲಿಯೇ ಎಣಿಸಿ ಮುಂದಿನ ಒಲೆಯನ್ನು ಹೊತ್ತಿಸುತ್ತಾನೆ. ಕೋಶಕ್ಕೂ ಬೇಯುವ ಕಾಲವೊಂದಿದೆ. ಚಿಕ್ಕ ಯಂತ್ರದಿಂದ ದೊಡ್ಡ ಯಂತ್ರಕ್ಕೆ ದಾಟುವಾಗ ತೆರೆದ ಸಂಪರ್ಕಗಳು ಕೆಲ ಹೊತ್ತು ಕಡಿಯುತ್ತವೆ. ನಡುರಾತ್ರಿಯಲ್ಲಾದರೆ ಯಾರಿಗೂ ತಿಳಿಯದು, ನಡುಸಂದಣಿಯಲ್ಲಾದರೆ ಅರ್ಜಿ ತುಂಬುತ್ತಿದ್ದವರ ಕೈಯಿಂದಲೇ ಲೇಖನಿಯನ್ನು ಕಿತ್ತುಕೊಂಡಂತೆ. ಓದುವವರಿಗಾಗಿ ಮೂಲಕೋಶದ ಪ್ರತಿಕೃತಿಯೊಂದನ್ನು ನಿಲ್ಲಿಸಿ, ಸ್ಥಿತಿಯನ್ನು ಮಾತ್ರ ನೋಡಬಂದವರನ್ನು ಅತ್ತ ಕಳಿಸುವ ಉಪಾಯವೂ ಉಂಟು. ಆದರೆ ಪ್ರತಿಕೃತಿ ಸಿದ್ಧವಾಗುವುದಕ್ಕೂ ಮೊದಲು ಮೂಲವನ್ನೆಲ್ಲ ನಕಲು ಮಾಡಿಕೊಳ್ಳಬೇಕು.

ತಾನಾಗಿಯೇ ಹಿಗ್ಗಿ ಕುಗ್ಗುವ ಯಂತ್ರಗಳಿಗೂ ಈ ವಿವೇಕವನ್ನು ಕಲಿಸಿದ್ದಾರೆ. ಹಿಂದೆ ಹೇಳಿದ ಡೈನಮೋಡಿಬಿ ಏರ್ಪಾಡಿನಲ್ಲಿ ಬಳಕೆಯು ಗುರಿಯನ್ನು ಮೀರಿ 2 ನಿಮಿಷ ನಿಂತರೆ ಅಳವು ಏರತೊಡಗುತ್ತದೆ; ಇಳಿಸುವುದಕ್ಕೆ ಮಾತ್ರ 15 ನಿಮಿಷಗಳ ಕಾಲ ಬಳಕೆ ತಗ್ಗಿಯೇ ಇರಬೇಕು. ಏರುವಾಗ ಆತುರ, ಇಳಿಯುವಾಗ ಸಾವಧಾನ. ಮಳೆ ಬಿಡುವು ಕೊಟ್ಟಿತೆಂದು ಕಂಬಳಿಯನ್ನು ಒಡನೆಯೇ ಮಡಿಸಿಡುವ ರೂಢಿ ಸಾಂಬ್ರಾಣಿಯ ದನಗಾಹಿಗಳಲ್ಲಿಯೂ ಇಲ್ಲ. ಉಗ್ರಾಣದ ಜಾಗದ ನಿಯಮವು ಇನ್ನೂ ಬಿಗಿ. ಅಮೆಜಾನಿನ ಆರ್‌ಡಿಎಸ್ ಏರ್ಪಾಡಿನಲ್ಲಿ, ಉಳಿದ ಜಾಗವು ನೂರಕ್ಕೆ 10ಕ್ಕಿಂತ ಕಡಿಮೆಯಾಗಿ 5 ನಿಮಿಷ ಕಳೆದರೆ ಜಾಗವು ತಾನಾಗಿ ಬೆಳೆಯುವಂತೆ ಮಾಡಬಹುದು. ಬೆಳೆದ ಜಾಗವನ್ನು ಇದ್ದಲ್ಲಿಯೇ ಕುಗ್ಗಿಸಲು ಬಾರದು. ಮೊಗ್ಗು ಬಿರಿಯಿತು, ಮತ್ತೆ ಮುಚ್ಚಲಿಲ್ಲ. ಸೂಪಾದ ಗೋಡೆಯ ಗುಣವು ಮೇಘದಲ್ಲಿಯೂ ಒಂದು ಮೂಲೆಯಲ್ಲಿ ಉಳಿದೇ ಇದೆ. ಆದುದರಿಂದ ಮಿದುಳನ್ನು ಹೆಚ್ಚಿಸುವಾಗಿನ ಧಾರಾಳವನ್ನು ಜಾಗವನ್ನು ಹೆಚ್ಚಿಸುವಾಗ ತೋರಲಾಗದು.

ಧರ್ಮಸಂಸ್ಥೆಯವರು ಸ್ವೀಕೃತಿಯ ಸಂಖ್ಯೆಯನ್ನು ಒಪ್ಪಿದರು, ಕೊನೆಯ ದಿನವನ್ನು ಐದು ದಿನ ಮುಂದಕ್ಕೂ ಹಾಕಿದರು. ಆ ಸುದ್ದಿ ಹೊರಬೀಳುವ ಹಿಂದಿನ ರಾತ್ರಿ ಎರಡು ಗಂಟೆಗೆ ತರುಣನು ಯಂತ್ರವನ್ನು ಇಮ್ಮಡಿಗೊಳಿಸಿದನು. ಮೂರು ದಿನವೆಂದು ಹಾಕಿದ್ದ ಲೆಕ್ಕವು ಐದಕ್ಕೇರಿತು. ಹಿರಿಯರು ಆ ಹಾಳೆಗೆ ಮಾತಿಲ್ಲದೆ ಸಹಿ ಹಾಕಿದರು. ಮೊದಲ ದಿನವೇ ಗೆರೆ ಎದ್ದು ನಿಂತಿತು. ಅರವತ್ತನ್ನು ದಾಟಿತು, ಎಪ್ಪತ್ತರ ಹತ್ತಿರ ಸುಳಿದಾಡಿತು, ಮೇಲೆ ಹೋಗಲಿಲ್ಲ. ಸೂಚಿಯಿಲ್ಲದ ಹಳೆಯ ಕೋಶವಾಗಿದ್ದರೆ, ಅಥವಾ ಸೂಚಿಯಿದ್ದೂ ಹಳೆಯ ಅಳವೇ ಉಳಿದಿದ್ದರೆ, ಅಂದು ಅರ್ಜಿದಾರರಿಗೆ ದೊರೆಯುತ್ತಿದ್ದ ಉತ್ತರ ಯಾವುದೆಂಬುದನ್ನು ವಾಚಕರು ಊಹಿಸಬಲ್ಲರು.

ಎರಡನೆಯ ದಿನ ಸಾಂಬ್ರಾಣಿಯಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಯಿತು. ಬೆಂಗಳೂರಿನ ಯಂತ್ರಕ್ಕೆ ಎಷ್ಟು ಅಳವಿದ್ದರೇನು, ಕಾಕನ ಅಂಗಡಿಯ ಪೆಟ್ಟಿಗೆಯು ಕಪ್ಪಾಗಿ ಕುಳಿತಿತ್ತು. ಕಾಡಂಚಿನ ವಾಡಿಯಿಂದ ಮಗಳೊಡನೆ ಬಂದಿದ್ದ ತಾಯಿಯೊಬ್ಬಳು ಅಂಗಡಿಯ ಕಟ್ಟೆಯ ಮೇಲೆ ಸ್ವೀಕೃತಿಯ ಚೀಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು. ಹಿಂದೆ ಎರಡು ಸಲ ತಿರುಗಿ ಹೋದವಳಾದುದರಿಂದ ಅಂದು ಏಳಲು ಒಪ್ಪಲಿಲ್ಲ. ಸಂಜೆ ನಾಲ್ಕಕ್ಕೆ ಕರೆಂಟು ಬಂದಿತು. ಕಾಕನು ಅರ್ಜಿಯನ್ನು ತುಂಬಿ, ಕಳಿಸುವ ಗುಂಡಿಯನ್ನು ಒತ್ತಿದನು.

‘ಹೋತ ನೋಡಪಾ ತಮ್ಮಾ, ಒಂದs ಏಟಿಗೆ ಹೋತು’ ಎಂದು ಅವನು ಆ ರಾತ್ರಿ ಫೋನಿನಲ್ಲಿ ತಿಳಿಸಿದನು. ‘ನಂಬರ್ ಬಂದದ್ದನ್ನ ಕಾಗದದ ಮ್ಯಾಲೆ ಬರಕೊಟ್ಟೀನಿ. ಅಕಿ ಅದನ್ನ ಎರಡು ಸಲ ಓದಿಸಿಕೊಂಡು ಹೋದ್ಲು.’

ಮುಂದೂಡಿದ ಕೊನೆಯ ದಿನವೂ ಕಳೆಯಿತು. ಆ ರಾತ್ರಿಯೇ ಯಂತ್ರವನ್ನು ಇಳಿಸಬಹುದಿತ್ತು. ತರುಣನು ಇಳಿಸಲಿಲ್ಲ. ಅರ್ಜಿ ಸೇರಿತೋ ಇಲ್ಲವೋ ಎಂದು ನೋಡಬರುವವರ ಸಂದಣಿ ಇನ್ನೂ ಎರಡು ದಿನ ಇರುತ್ತದೆಂಬುದನ್ನು ಹಿಂದಿನ ವರ್ಷದ ಗೆರೆಗಳು ಹೇಳುತ್ತಿದ್ದವು. ಮೂರನೆಯ ರಾತ್ರಿ, ಗೆರೆಯು ಹಗಲೆಲ್ಲ ಇಪ್ಪತ್ತರ ಕೆಳಗೆ ಮಲಗಿದ್ದುದನ್ನು ಕಂಡ ಮೇಲೆ, ಯಂತ್ರವನ್ನು ಮೊದಲಿನ ಗಾತ್ರಕ್ಕೆ ತಂದು, ಕೆಲಸದ ವಹಿಯಲ್ಲಿ ಏರಿಸಿದ ದಿನ, ಇಳಿಸಿದ ದಿನ, ಆದ ಹೆಚ್ಚಿನ ಬಾಡಿಗೆ ಇವನ್ನು ದಾಖಲಿಸಿದನು. ಅದರ ಕೆಳಗೆ ಮುಂದಿನ ವರ್ಷದವರಿಗೆಂದು ಇನ್ನೊಂದು ಸಾಲನ್ನು ಸೇರಿಸಿದನು: ಕೊನೆಯ ದಿನವನ್ನು ನಿಶ್ಚಯಿಸುವ ಮುನ್ನ ಹೋಬಳಿಗಳಲ್ಲಿ ಪ್ರಮಾಣಪತ್ರಗಳು ದೊರೆಯುತ್ತಿವೆಯೇ ಎಂದು ವಿಚಾರಿಸತಕ್ಕದ್ದು, ಜೂನ್ ತಿಂಗಳಾದರೆ ಸಾಂಬ್ರಾಣಿಗೆ ಒಂದು ಫೋನು ಮಾಡತಕ್ಕದ್ದು.